ಕ್ಯಾಮೆರಾದ ಹಿಂದೆ ನಿಂತ ನಮ್ಮಣ್ಣ

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಬೇಸಿಗೆ. ಬೆಂಗಳೂರಿನ ಸಿನಿಮಾದವರು ಮಧುಗಿರಿ ಬೆಟ್ಟದ ಬುಡಕ್ಕೆ ಬಂದಿಳಿದಿದ್ದರು. ತಾಯಿ ಪಾತ್ರಕ್ಕೆ ಕರೆತಂದ ನಟಿ ಸರಿಹೋಗುತ್ತಿಲ್ಲ, ಬೇರೆಯವರನ್ನು ಹುಡುಕುತ್ತಿದ್ದಾರೆ ಎಂಬ ಸುದ್ದಿ ಹಬ್ಬಿದ್ದೇ ತಡ, ಊರವರೆಲ್ಲ ಸೇರಿ ನಮ್ಮಣ್ಣ ನಾಗಣ್ಣನನ್ನು ಹೊರಡಿಸಿದರು.

ನಗಬೇಡಿ. ಆಗ ನಮ್ಮ ಕಡೆ ನಾಟಕಗಳಲ್ಲಿ ಹೆಣ್ಣು ಪಾತ್ರ ಗಂಡಸರದ್ದೇ. ಅಣ್ಣ ರಾಣಿಯಾಗಿ ನಿಂತರೆ ಕೊರಟಗೆರೆ, ಸಿರಾ ಕಡೆಯ ಹೆಂಗಸರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಸಿನಿಮಾದಲ್ಲೂ ಹಾಗೇ ಇರಬೇಕು ಅಂದುಕೊಂಡೆವು, ನಮಗೇನು ಗೊತ್ತು! ಅಣ್ಣನಂತೂ ಗಡ್ಡ ನುಣ್ಣಗೆ ಹೆರೆದು, ನನ್ನ ಮದುವೆ ಸೀರೆಯನ್ನೇ ಉಟ್ಟು ಹೊರಟ. ಅಷ್ಟು ಆಸೆ ಅವನಿಗೆ. ಸೀರೆ ಏನಾಗುತ್ತದೋ ಅಂತ ನಾನೂ ಹಿಂದೆಯೇ ಹೋದೆ.

ಡೈರೆಕ್ಟರು ಕ್ಯಾಮೆರಾಕ್ಕೆ ಕಣ್ಣಿಟ್ಟು ನೋಡಿಯೇ ನೋಡಿದರು. ಕೊನೆಗೆ, "ಅಭಿನಯ ಚೆನ್ನಾಗಿದೆಯಪ್ಪ. ಆದರೆ ಕ್ಯಾಮೆರಾ ಗಡ್ಡದ ಬುಡಾನೂ ಬಿಡೋದಿಲ್ಲ" ಎಂದರು. ಅಣ್ಣನ ಮುಖ ಸಣ್ಣಗಾಯಿತು. ನನಗೆ ರೇಗಿಹೋಯಿತು. "ಬಾರಣ್ಣ ಮನೀಗೋಗಾನ, ಇವ್ರಿಗೇನ್ ಗೊತ್ತು!" ಅಂದೆ.

ಅಣ್ಣ ಕದಲಲಿಲ್ಲ. ಆ ನಟಿ ಪಕ್ಕದ ಬಂಡೆಯ ಮೇಲೆ ಕೂತು ಅಳುತ್ತಿದ್ದಳು. ಮಗನನ್ನು ದಂಡಿಗೆ ಕಳಿಸಿಕೊಡುವ ದೃಶ್ಯ, ಎಷ್ಟು ಸಲ ಮಾಡಿದರೂ ಅವಳಿಗೆ ಬರುತ್ತಿರಲಿಲ್ಲ. ಅಣ್ಣ ಹತ್ತಿರ ಹೋಗಿ, "ಅಳ್ಬೇಡ ಕಣಮ್ಮ. ನಾನ್ ಅಲ್ಲಿ ನಿಂತ್ಕಂಡು ಮಾಡ್ತೀನಿ, ನನ್ ನೋಡ್ಕಂಡು ನೀನು ಮಾಡು" ಅಂದ.

ಹೋಗಿ ಕ್ಯಾಮೆರಾದ ಹಿಂದೆ ನಿಂತ. ಮಗ ಹೋದ ದಾರಿ ನೋಡುತ್ತಾ, ಕಣ್ಣೊರೆಸಿಕೊಳ್ಳದೆ, ಒದ್ದೆಯೇ ಇಲ್ಲದ ಕೈಗಳನ್ನು ಸೆರಗಿಗೆ ಒರೆಸಿದ. ಒರೆಸುತ್ತಲೇ ಇದ್ದ. ಎದುರಿಗಿದ್ದ ಆಕೆಯೂ ಹಾಗೇ ಒರೆಸಿದಳು. ಗಲಾಟೆ ಮಾಡುತ್ತಿದ್ದ ಜನ ಕತ್ತು ಚಾಚಿ ನೋಡತೊಡಗಿದರು. ಅಬ್ಬಾ, ಅಲ್ಲಿ ನಿಂತಿದ್ದವನು ನಮ್ಮ ನಾಗಣ್ಣನೇ ಅಲ್ಲ!

ಮುಂದಿನ ವರ್ಷ ಆ ಚಿತ್ರ ನಮ್ಮೂರಿನ ಟೆಂಟಿಗೆ ಬಂತು. ಅಣ್ಣನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಮಗ ಸೀರೆ ಉಡುವುದನ್ನು ನೋಡಲಾರೆ ಅಂತ ಅವನ ಒಂದು ನಾಟಕಕ್ಕೂ ಬಾರದಿದ್ದ ನಮ್ಮವ್ವ, ಅವತ್ತು ನಮ್ಮಿಬ್ಬರ ನಡುವೆ ಕೂತಿದ್ದಳು. ಆ ದೃಶ್ಯ ಬಂದಾಗ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

"ಲೇ, ಯಾರೇ ಇವ್ಳು? ನಿಮ್ಮಪ್ಪ ದಂಡಿಗೋದಾಗ ನಾನು ಬಾಗ್ಲಲ್ಲಿ ಇಂಗೇ ನಿಂತಿದ್ದೆ. ಇವ್ಳಿಗೆಂಗೆ ಗೊತ್ತಾಯ್ತು?"

ಅಪ್ಪ ಮೊದಲ ಯುದ್ಧಕ್ಕೆ ಹೋದವನು ತಿರುಗಿ ಬರಲಿಲ್ಲ. ಆಗ ನಾನು ಅವ್ವನ ಕಂಕುಳಲ್ಲಿದ್ದ ಕೂಸು, ಅಣ್ಣನಿಗೆ ಐದೋ ಆರೋ ವರ್ಷ.

ಅಣ್ಣ ಅವ್ವನ ಕೈ ಹಿಡಿದುಕೊಂಡ. ಈಗ ನೆನೆದರೂ ನನಗೆ ಕಣ್ಣು ತುಂಬುತ್ತದೆ. ಅಷ್ಟು ಸಣ್ಣವನು ಅವತ್ತು ಬಾಗಿಲಲ್ಲಿ ಅವ್ವನನ್ನು ಹೇಗೆ ನೋಡಿದ್ದನೋ!