ಬೈಠಕ್ಕಿನ ಕರಿ ಗೋಡೆ

ಮನೆಗೆ ಬಣ್ಣ ಹೊಡೆಸುವವರಿಗೆ ಒಂದು ಮಾತು: ಗೋಡೆ ಕೆರೆಯುವ ದಿನ ಮನೆಯಲ್ಲಿರಬೇಡಿ. ದೂಳಿಗೆ ಹೆದರಿ ಹೇಳುತ್ತಿಲ್ಲ. ಒಳಗಿನಿಂದ ಏನು ಹೊರಗೆ ಬರುತ್ತದೋ ಹೇಳಲಾಗದು.

ಭಾಲ್ಕಿಯ ನಮ್ಮ ಮನೆಯ ಮುಂದಿನ ಕೋಣೆಯನ್ನು ಈ ಸಲ ಚೆಂದ ಮಾಡಿಸಲೇಬೇಕೆಂದು ನಾನು ಹಟ ಹಿಡಿದಿದ್ದೆ. ಬೀದರಿಗೆ ಹೋಗಿ ಸೋಫಾ ನೋಡಿಬಂದೆ. ಒಳಬಾಗಿಲಿಗೆಂದು ದಪ್ಪ ಪರದೆಯನ್ನೂ ತಂದೆ. ಎಪ್ಪತ್ತು ದಾಟಿದವಳಿಗೆ ಇದೆಲ್ಲ ಯಾಕೆ ಎಂದು ನೀವು ಕೇಳಬಹುದು. ಬಂದವರು ಹೋದವರು ಮೆಚ್ಚಲಿ ಎಂಬ ಆಸೆಗೆ ವಯಸ್ಸಾಗುವುದಿಲ್ಲ ನೋಡಿ. ಸೊಸೆ ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ, ಹಿಂದುಗಡೆ ಅಡುಗೆಮನೆಯ ಮಗ್ಗುಲಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕ ಚಾಪೆ ಹಾಸಿಕೊಂಡು. ಮುಂದಿನ ಕೋಣೆ ಕೊಡಿರೆಂದು ಒಮ್ಮೆ ಕೇಳಿದ್ದಳು. ನಾನು ಬೇಡವೆಂದಿದ್ದೆ. ಏನೆಂದು ಹೇಳಿ ಬೇಡವೆಂದೆ ಎಂಬುದು ಆಮೇಲೆ.

ಮೊನ್ನೆ ಗೋಡೆ ಕೆರೆಯುತ್ತಿದ್ದ ಬಣ್ಣದವನು ಕೈ ನಿಲ್ಲಿಸಿ ಕರೆದ. “ಅಮ್ಮಾ, ಇಲ್ಲಿ ನೋಡ್ರಿ. ಸುಣ್ಣ ಎಲ್ಲಾ ಉದುರ್ತು, ಕೆಳಗ ಕರ್ರಗ ಅದ. ಎರಡು ಕೋಟ್ ಪುಟ್ಟಿ ಹಚ್ಚಲಾರ್ದ ಮುಚ್ಚಂಗಿಲ್ರಿ ಇದು.”

ಹತ್ತಿರ ಹೋಗಿ ಬೆರಳಾಡಿಸಿದೆ. ಬೆರಳಿಗೆ ಮಸಿ ಹತ್ತಿತು. ಅವ್ವನ ಹಲಗೆ! ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ನಮ್ಮ ಅಪ್ಪ ತಹಸೀಲು ಕಚೇರಿಯಲ್ಲಿ ಗುಮಾಸ್ತ. ನಿಜಾಮರ ಕಾಲದಲ್ಲಿ ನೌಕರಿಗೆ ಸೇರಿದವನು, ಉರ್ದುವಿನಲ್ಲಿ ಮುತ್ತು ಪೋಣಿಸಿದಂತೆ ಬರೆಯುತ್ತಿದ್ದ. ಕನ್ನಡ ಅವನಿಗೆ ಆಡುವ ಮಾತು, ಬರೆಯುವುದಲ್ಲ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದಾಗ ಕಚೇರಿಗೆ ಕನ್ನಡದ ಕಾಗದಗಳು ಬರತೊಡಗಿದವು. ಕನ್ನಡ ಪರೀಕ್ಷೆ ಪಾಸಾಗದಿದ್ದರೆ ನೌಕರಿಗೇ ಸಂಚಕಾರ ಎಂಬ ಸುದ್ದಿ ಹಬ್ಬಿತು. ಅಪ್ಪ ಊಟ ಬಿಟ್ಟ.

ಅವ್ವ ಕಮಠಾಣದವಳು, ಬೀದರಿನ ಮಿಶನ್ ಸಾಲೆಯಲ್ಲಿ ಓದಿದವಳು. ಪ್ರಾರ್ಥನೆಗೆ ಕೂಡಿದಾಗ ಕನ್ನಡ ಓದುವ ಕೆಲಸ ಯಾವಾಗಲೂ ಅವಳದೇ. ಮೊದಮೊದಲು ಅಡುಗೆಮನೆಯಲ್ಲೇ ಪಾಠ ನಡೆಯಿತು. ಅವ್ವ ರೊಟ್ಟಿ ಬಡಿಯುತ್ತ ಜೋಳದ ಹಿಟ್ಟಿನಲ್ಲಿ ಬೆರಳಿನಿಂದ ಅಕ್ಷರ ಬರೆಯುವಳು. ಅಪ್ಪ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ನೋಡುವನು. ವಾರವಾದರೂ ಅವನಿಗೆ ಒಂದಕ್ಷರವೂ ತಲೆಗೆ ಹತ್ತಲಿಲ್ಲ.

“ಹಿಂಗ ಆಗಂಗಿಲ್ರಿ,” ಎಂದಳು ಅವ್ವ. “ಬೈಠಕ್ಕಿನ್ಯಾಗ ಕೂಡೋಣು.”

ಬೈಠಕ್ಕು ಎಂದರೆ ಇದೇ ಮುಂದಿನ ಕೋಣೆ, ಗಂಡಸರು ಕೂಡುವ ಜಾಗ. ನಮ್ಮದು ಕ್ರೈಸ್ತರ ಮನೆ, ಹೆಂಗಸರು ಮರೆಯಲ್ಲಿರಬೇಕೆಂಬ ಗೋಷಾದ ಕಟ್ಟುಪಾಡೇನೂ ಇರಲಿಲ್ಲ. ಆದರೆ ಕಚೇರಿಯ ದೊಡ್ಡವರ ಮನೆಯಲ್ಲಿದ್ದ ಪರದೆ ನಮ್ಮಲ್ಲೂ ಇರಬೇಕೆಂಬುದು ಅಪ್ಪನ ಶೋಕು. ಅವ್ವ ಅದರ ಹಿಂದಿನಿಂದ ಚಹಾ ಕೊಡುವಳು, ಕಪ್ಪು ಹಿಡಿದ ಕೈಯಷ್ಟೇ ಆಚೆ ಕಾಣುವುದು.

ಮರುದಿನವೇ ಅವ್ವ ಸೆರಗು ಸಿಕ್ಕಿಸಿಕೊಂಡು ನಿಂತಳು. ಮಂಚವನ್ನು ಮೂಲೆಗೆ ಸರಿಸಿದಳು. ಪರದೆ ಕಿತ್ತಳು; ಹಿಂದಿನ ಅಂಗಳದ ಬೆಳಕು ಮೊದಲ ಸಲ ಆ ಕತ್ತಲೆ ಕೋಣೆಗೆ ನೇರ ಬಂದು ಬಿತ್ತು. ಇದ್ದಿಲು ಅರೆದು, ಎಲೆಯ ರಸದಲ್ಲಿ ಕಲಸಿ, ಗೋಡೆಗೆ ಆಳೆತ್ತರ ಬಳಿದು ಕರಿಹಲಗೆ ಮಾಡಿದಳು. ನಾನು ಇದ್ದಿಲು ಕುಟ್ಟಿಕೊಟ್ಟು ಮೂಗಿನವರೆಗೆ ಕರ್ರಗಾಗಿದ್ದೆ.

ಅಪ್ಪನ ಜೊತೆ ಕಚೇರಿಯ ಕರೀಂ ಚಾಚಾನೂ ಬರತೊಡಗಿದ. ಇಬ್ಬರೂ ಸೀಮೆಸುಣ್ಣ ಹಿಡಿದು ಗೋಡೆಯ ಮುಂದೆ ನಿಂತರೆ ಕೈ ತಾನಾಗಿ ಬಲತುದಿಗೆ ಹೋಗುತ್ತಿತ್ತು, ಉರ್ದುವಿನ ರೂಢಿ. “ಈ ಕಡಿಂದ್ರಿ, ಈ ಕಡಿಂದ!” ಎಂದು ಅವ್ವ ನಕ್ಕು ನಕ್ಕು ಸುಸ್ತಾಗುವಳು. ಅವಳು ಅಷ್ಟು ಗಟ್ಟಿಯಾಗಿ ನಗುತ್ತಾಳೆಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಚಾಚಾ ಹೊಸ್ತಿಲಲ್ಲೇ ಸಲಾಂ ಮಾಡಿ, “ಉಸ್ತಾನಿಬಾಯಿ, ಇವತ್ತಿನ ಸಬಕ್ ಏನದರಿ?” ಎಂದು, ಅವ್ವನನ್ನು ಟೀಚರಮ್ಮನೆಂದೇ ಕರೆದು, ಅಂದಿನ ಪಾಠ ಕೇಳುತ್ತಿದ್ದ. ಆಮೇಲೆ ಮತ್ತೂ ಮೂವರು ಬಂದರು.

ನನಗೆ ಮಾತ್ರ ನಾಚಿಕೆ. ಸಾಲೆಯಲ್ಲಿ ಗೆಳತಿಯೊಬ್ಬಳು, “ನಿಮ್ಮಪ್ಪ ನಿಮ್ಮವ್ವನ ಮುಂದ ಕೈ ಕಟ್ಟಿ ಕೂಡ್ತಾನಂತಲ್ಲ?” ಎಂದು ಎಲ್ಲರ ಮುಂದೆ ಕೇಳಿದ್ದಳು. ಅವಳ ಮನೆಯ ಬೈಠಕ್ಕಿನಲ್ಲಿ ಕುರ್ಚಿಗಳಿದ್ದವು, ಹೂವಿನ ಪರದೆಯಿತ್ತು. ನಮ್ಮಲ್ಲಿ ಕರಿ ಗೋಡೆ.

ಎರಡನೆಯ ಸಲಕ್ಕೆ ಅಪ್ಪ ಪಾಸಾದ. ಕ್ರಿಸ್ಮಸ್ಸಿಗೆ ಸುಣ್ಣ ಹಚ್ಚುವ ಹೊತ್ತು. ಕೋಣೆಯ ನಡುವೆ ನಿಂತು ಅಪ್ಪ ನನ್ನನ್ನು ಕೇಳಿದ: “ಏನವ್ವಾ, ಮೊದಲಿನಂಗ ಪರದೆ ಹಾಕೋಣೇನು?” ಅವ್ವನನ್ನು ಕೇಳಲಿಲ್ಲ, ನನ್ನನ್ನು ಕೇಳಿದ.

“ಹಾಕೋಣ ಅಪ್ಪಾ,” ಎಂದೆ ನಾನು.

ಅವ್ವ ಸುಣ್ಣದ ಬಕೆಟ್ಟು ಹಿಡಿದು ಬಾಗಿಲಲ್ಲಿದ್ದಳು. “ನಿನಗ ಬೆಳಕ ಬ್ಯಾಡೇನು?” ಎಂದಳು.

“ಮಂದಿ ನೋಡ್ತಾರವ್ವಾ.”

ಅವ್ವ ಬಕೆಟ್ಟನ್ನು ಗೋಡೆಯ ಬುಡಕ್ಕೆ ತಂದಿಟ್ಟಳು. ಗೋಡೆಗೆ ಸುಣ್ಣ ಬಳಿದವಳೂ ಅವಳೇ. ಪರದೆಯ ಬಟ್ಟೆ ನಾನೇ ಆರಿಸಿದೆ, ಗುಲಾಬಿ ಹೂವಿನದು. ಔರಾದಿಗೆ ಬದಲಿಯಾದಾಗ ಚಾಚಾ ಪೇಡೆ ಹಿಡಿದು ಬಂದ. ಹೊಸ್ತಿಲಲ್ಲಿ ನಿಂತು ಬಿಳಿ ಗೋಡೆ ನೋಡಿದ. ಕೊನೆಗೆ ಹೂವಿನ ಪರದೆಗೇ ಬಾಗಿ, “ಉಸ್ತಾನಿಬಾಯಿ, ಸಲಾಂ” ಎಂದ. ಒಳಗಿನಿಂದ ಚಹಾದ ಕಪ್ಪು ಹಿಡಿದ ಕೈ ಬಂತು.

ಪ್ರತಿ ಕ್ರಿಸ್ಮಸ್ಸಿಗೂ ಸುಣ್ಣ ಒಣಗಿದ ಮೇಲೆ ಅಲ್ಲೊಂದು ಬೂದು ಕಲೆ ಏಳುತ್ತಿತ್ತು. ಅಪ್ಪ ಬೈದುಕೊಂಡು ಇನ್ನೊಂದು ಕೈ ಹೊಡೆಯುತ್ತಿದ್ದ. ಅವ್ವ ಆ ಕಡೆ ನೋಡಿದ್ದನ್ನು ನಾನು ಕಾಣೆ. ಒಬ್ಬಳೇ ಮಗಳೆಂದು ಮನೆ ನನ್ನ ಪಾಲಿಗೆ ಬಂದಾಗ ಕಲೆಯ ಮೇಲೆ ದೊಡ್ಡದೊಂದು ಕ್ಯಾಲೆಂಡರ್ ನೇತುಹಾಕಿದೆ.

ಈಗ ಹೇಳಿಬಿಡುತ್ತೇನೆ. ಸೊಸೆ ಈ ಕೋಣೆ ಕೇಳಿದಾಗ ನಾನು ಹೇಳಿದ್ದು: “ಬ್ಯಾಡವ್ವ, ಮಂದಿ ನೋಡ್ತಾರ.” ಅವ್ವನಿಗೆ ಹೇಳಿದ ಮಾತನ್ನೇ ಹೇಳುತ್ತಿದ್ದೇನೆಂದು ಆಗ ಹೊಳೆಯಲೂ ಇಲ್ಲ. ಸ್ಟೂಲಿನ ಮೇಲೆ ಕೂತು ಮಸಿ ಹತ್ತಿದ ಬೆರಳು ನೋಡಿಕೊಳ್ಳುವಾಗ ಹೊಳೆಯಿತು.

“ಪುಟ್ಟಿ ಬ್ಯಾಡಪ್ಪ,” ಎಂದೆ ಬಣ್ಣದವನಿಗೆ. “ಇಲ್ಲಿ ಕರಿ ಬಣ್ಣಾನ ಹಚ್ಚು. ಆಳೆತ್ತರ.”

ಸೊಸೆ ಓಡಿಬಂದಳು, ಕೈಯಲ್ಲಿ ಇನ್ನೂ ಮಕ್ಕಳ ಪಾಟಿ. “ಯಾಕ್ರಿ ಅತ್ತಿ, ಸೋಫಾ? ಪರದೆ?”

“ಸೋಫಾ ಬ್ಯಾಡ, ಪರದೆ ವಾಪಸ್ ಕೊಡೋಣು. ಚಾಪಿ ಇಲ್ಲಿಗೆ ತಗೊಂಡ ಬಾ.”

ಅವಳು ನಂಬಲಿಲ್ಲ. ಗೋಡೆಯನ್ನು, ನನ್ನನ್ನು, ತೆರೆದ ಬೀದಿಬಾಗಿಲನ್ನು ನೋಡಿದಳು. “ಮಂದಿ ನೋಡ್ತಾರಲ್ರಿ?”

“ನೋಡ್ಲಿ,” ಎಂದೆ. ಅವ್ವ ಬಕೆಟ್ಟು ಹಿಡಿದು ನಿಂತ ದಿನ ಹೇಳಬೇಕಿದ್ದ ಮಾತು ಅದು.