ಐರೋಲಿ ದಾಟಿ ಹೋದ ನದಿ

ತುರ್ಭೆಯಿಂದ ಠಾಣೆಗೆ ಹೋಗುವ ಲೋಕಲ್ ರೈಲು ಹತ್ತಿದ್ದೆವು, ಇಳಿಯಬೇಕಿದ್ದದ್ದು ಐರೋಲಿಯಲ್ಲಿ. ಆರ್ಕ್ಟಿಕ್ ನದಿಗಳು ಸಮುದ್ರಕ್ಕೆ ಹೊತ್ತೊಯ್ಯುವ ಮಣ್ಣಿನ ಬಗ್ಗೆ ಸಂಶೋಧನೆ ಮಾಡುವ ನನ್ನ ತಂಗಿ ವೀಣಾ, ಐರೋಲಿಯ ಶಾಲೆಯೊಂದರ ಮಕ್ಕಳಿಗೆ ತೋರಿಸಲು ಒಂದು ಗಾಜಿನ ಬಾಟಲಿಯಲ್ಲಿ ಅಂಥ ಒಂದು ನದಿಯ ನೀರು ತಂದಿದ್ದಳು. ಮಣ್ಣು ತಳದಲ್ಲಿ ಕೂತಿತ್ತು.

“ಇದೆಂತ, ಕಷಾಯವಾ?” ಎಂದರು ಪಕ್ಕದಲ್ಲಿದ್ದ ಕುಂದಾಪುರದ ಹೆಂಗಸು.

“ನದಿ ನೀರು, ಐರೋಲಿ ಶಾಲೆ ಮಕ್ಕಳಿಗೆ ತೋರಿಸೋಕೆ,” ಎಂದಳು ವೀಣಾ. “ಈ ನದಿ ಚಳಿಗಾಲವೆಲ್ಲ ಹೆಪ್ಪುಗಟ್ಟಿ ಸುಮ್ಮನಿರುತ್ತೆ. ಮಂಜುಗಡ್ಡೆ ಒಡೆದ ಕೆಲವೇ ವಾರದಲ್ಲಿ ವರ್ಷದ ಮಣ್ಣಲ್ಲಿ ಬಹುಪಾಲು ಸಮುದ್ರ ಸೇರುತ್ತೆ.”

“ನಮ್ಮ ಐರೋಲಿ ರಶ್ಶೂ ಹಾಂಗೆ. ನಾನೂ ಅಲ್ಲೇ ಇಳಿಯುದ್. ಅದ್ರ ಹಿಂದಿನ ಸ್ಟೇಷನ್ ರಬಾಳೆ ಬಂದ ಕೂಡ್ಲೆ ಬಾಗಿಲಿಗೆ ಹೋಪ, ನಾ ಹೇಳ್ತೆ.”

ಆಮೇಲೆ ಅವರು, ಆ ನದಿಯಲ್ಲಿ ಮೀನು ಸಿಗುತ್ತದೆಯೇ ಎಂದು ಕೇಳಿದರು. ಮೀನಿನ ಮಾತಿನಲ್ಲಿ ರಬಾಳೆ ಹೋದದ್ದು ಮೂವರಿಗೂ ತಿಳಿಯಲಿಲ್ಲ. ಐರೋಲಿಯಲ್ಲಿ ಆಫೀಸು ಬಿಟ್ಟ ಜನ ಒಮ್ಮೆಲೇ ನುಗ್ಗಿ ನಮ್ಮನ್ನು ಒಳಕ್ಕೆ ತಳ್ಳಿದರು. ಕೊನೆಯ ನಿಲ್ದಾಣ ಠಾಣೆಯಲ್ಲಿ ಅದೇ ಜನ ನಮ್ಮನ್ನು ಪ್ಲಾಟ್‌ಫಾರ್ಮಿಗೆ ಹೊತ್ತು ಹಾಕಿದರು.

ಬಾಟಲಿ ಒಡೆದಿರಲಿಲ್ಲ, ನೀರು ಮಾತ್ರ ಪೂರಾ ಕದಡಿತ್ತು. ವೀಣಾಗೆ ನಗು ತಡೆಯಲಾಗಲಿಲ್ಲ. “ನದಿ ಹೀಗೇ ಇರುತ್ತೆ,” ಎಂದಳು.

ವಾಪಸ್ ಲೋಕಲಿನಲ್ಲಿ ಮೂವರೂ ಠಾಣೆಯಿಂದಲೇ ಬಾಗಿಲಿಗೆ ಅಂಟಿಕೊಂಡು ನಿಂತೆವು. ಬಾಟಲಿ ಈಗ ಆ ಹೆಂಗಸಿನ ಕೈಯಲ್ಲಿತ್ತು. ಮಣ್ಣು ಮತ್ತೆ ತಳಕ್ಕೆ ಕೂತರೆ ಮಕ್ಕಳಿಗೆ ಎಂತ ಕಾಣತ್ತೆ ಅನ್ನುತ್ತ, ಐರೋಲಿ ಬರುವತನಕ ಅದನ್ನು ಅಲುಗಿಸುತ್ತಲೇ ಇದ್ದರು.