ತೊಟ್ಟಿಲಿನ ನಾಲ್ಕನೆಯ ಬದಿ

ಕಣ್ಣಿಗೆ ಕಂಡದ್ದೆಲ್ಲ ನಿಜವಲ್ಲ ಎಂದು ಮನಶ್ಶಾಸ್ತ್ರದ ಎಂ.ಎ. ತರಗತಿಯಲ್ಲಿ ಕಲಿತವನು ನಾನು. ದೆವ್ವ ಕಂಡೆ ಎಂದವರ ಎದುರಿಗೇ ನಕ್ಕಿದ್ದೇನೆ. ನೀವೂ ಇದನ್ನು ನಂಬದಿದ್ದರೆ ನನಗೆ ಬೇಸರವಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಕಲಘಟಗಿಯ ನಮ್ಮ ಓಣಿಯಲ್ಲಿ ಮಾನಪ್ಪಕಾಕಾ ತೊಟ್ಟಿಲಿಗೆ ಚಿತ್ರ ಬರೆಯುತ್ತಿದ್ದ. ಬರೆದ ಗೊಂಬೆಗಳು ತನ್ನನ್ನು ಬೈಯುತ್ತವೆಂದು ಕಿವಿಗೆ ಅರಳೆ ತುರುಕಿಕೊಂಡು ಅಳತೊಡಗಿದಾಗ ಅವನನ್ನು ಡಾಕ್ಟರರ ಬಳಿ ಕರೆದೊಯ್ದವನು ನಾನೇ. ಗುಳಿಗೆಗಳಿಂದ ಬೈಗುಳಗಳು ನಿಂತವು. ಕಾಕಾ ಹೊಟ್ಟೆತುಂಬ ಉಂಡ, ಕಣ್ತುಂಬ ನಿದ್ದೆ ಮಾಡಿದ. ಆದರೆ ಅದೇ ಗುಳಿಗೆಗಳಿಂದ ಕೈ ನಡುಗತೊಡಗಿತು. ಬಣ್ಣ ಬಳಿಯುತ್ತಿದ್ದ, ಕಣ್ಣು ಬರೆಯಲಾಗುತ್ತಿರಲಿಲ್ಲ.

ಅದೇ ಹೊತ್ತಿಗೆ ನನ್ನ ತಂಗಿಗೆ ಚೊಚ್ಚಲ ಗಂಡುಮಗುವಾಯಿತು. ಹೆಸರಿಡುವ ದಿನ ಅವಳ ಗಂಡನ ಮನೆಗೆ ತವರಿನ ತೊಟ್ಟಿಲು ಹೋಗಬೇಕು. ಕಾಕಾನ ಕೈಯಿಂದ ಅದರ ನಾಲ್ಕೂ ಬದಿಗೆ ಚಿತ್ರಗಳು ಮೂಡಿದ್ದವು. ಕೊನೆಗೆ ಬರೆಯುವ ಕಣ್ಣುಗಳಷ್ಟೇ ಬಾಕಿ.

“ಎಂಟ ದಿನ ಗುಳಿಗಿ ಬಿಡೋ ಕಾಕಾ,” ಎಂದೆ.

“ಬ್ಯಾಡೋ ತಮ್ಮಾ. ಚಿತ್ರಾ ಹೋದ್ರ ಹೋಗ್ಲಿ, ನನಗ ನಿದ್ದಿ ಬೇಕು.”

“ಕುರುಡ ಗೊಂಬಿ ಕಳಿಸಿದ್ರ ಬೀಗರು ನಗೂದಿಲ್ಲೇನು?”

“ಅವರು ಒಂದ ದಿನ ನಗತಾರ. ಇವು ಹಗಲೂ ರಾತ್ರಿ ಬೈತಾವಲೇ!”

ಮರುದಿನ ಕಾಕಾ ಊಟಕ್ಕೆ ಎದ್ದಾಗ ಹೋದೆ. ಗೂಡಿನಲ್ಲಿದ್ದ ಶೀಸೆಯಿಂದ ಅವನ ಗುಳಿಗೆಗಳನ್ನು ತೆಗೆದು, ನಮ್ಮವ್ವನ ಶಕ್ತಿಯ ಗುಳಿಗೆ ತುಂಬಿಟ್ಟೆ. ಅವೂ ಬಿಳಿ, ಹೆಚ್ಚುಕಡಿಮೆ ಅದೇ ಗಾತ್ರ. ಯಾರೂ ನೋಡಲಿಲ್ಲ.

ಏಳನೆಯ ದಿನ ಮಧ್ಯಾಹ್ನ ಹೋದೆ. ತೊಟ್ಟಿಲು ಮುಗಿದಿತ್ತು. ಅಂಥ ಜೀವಂತ ಕಣ್ಣುಗಳನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಕಾಕಾ ಮೂಲೆಯಲ್ಲಿ ಗೋಡೆಗೆ ಹಣೆ ಜಜ್ಜಿಕೊಳ್ಳುತ್ತಿದ್ದ. ನಾನು ಮೊದಲು ನೋಡಿದ್ದು ತೊಟ್ಟಿಲನ್ನು, ಅವನನ್ನಲ್ಲ. ಅದನ್ನು ಬಚ್ಚಿಡುವುದಿಲ್ಲ.

ನಾಲ್ಕನೆಯ ಬದಿಯಲ್ಲಿ ಬೆಣ್ಣೆ ಕದಿಯುವ ಕೃಷ್ಣನಿರಬೇಕಿತ್ತು. ಅಲ್ಲಿ ಕನ್ನಡಕ ಹಾಕಿದ ನಾನಿದ್ದೆ. ಒಂದು ಕೈಯಲ್ಲಿ ಶೀಸೆ, ಇನ್ನೊಂದರ ಬೆರಳುಗಳ ನಡುವೆ ಬಿಳಿ ಗುಳಿಗೆ.

ಕಾಕಾನ ಹೆಂಡತಿ ಕಾಳವ್ವನನ್ನು ಕೂಗಿ ತೋರಿಸಿದೆ.

“ಕೃಷ್ಣಪ್ಪ ಬೆಣ್ಣಿ ಕದಿಯಾಕತ್ಯಾನಲ್ಲೋ ಯಪ್ಪಾ,” ಎಂದಳು. “ನಿನ್ನ ತೊಟ್ಟಲಾ ಆತಲ್ಲ, ಒಯ್ಯಿ. ಇವರನ್ನ ಯಾರು ಒಯ್ಯಾವ್ರು?”

ತೊಟ್ಟಿಲನ್ನು ಒಯ್ದೆ. ಹೋಗುವ ಮೊದಲು ಹಳೆಯ ಗುಳಿಗೆಗಳನ್ನು ಶೀಸೆಗೆ ತಿರುಗಿ ತುಂಬಿದೆ. ಅವು ಮತ್ತೆ ನಾಟಲಿಲ್ಲ. ಕಾಕಾ ಮುಂದೆ ಕುಂಚ ಹಿಡಿಯಲಿಲ್ಲ, ನನ್ನ ಗುರುತೂ ಹಿಡಿಯಲಿಲ್ಲ.

ಆಮೇಲೆ ಎಷ್ಟು ಸಲ ನೋಡಿದರೂ ಅಲ್ಲಿರುವುದು ಕೃಷ್ಣನೇ. ತಪ್ಪಿತಸ್ಥ ಮನಸ್ಸಿನ ಆಟ ಎಂದು ನಾನು ಓದಿದ ಪುಸ್ತಕಗಳು ಹೇಳುತ್ತವೆ. ಒಪ್ಪಿಕೊಂಡಿದ್ದೆ. ಆದರೆ ತಂಗಿಯ ಮಗ ನಾಲ್ಕು ವರ್ಷದವನಾಗಿದ್ದಾಗ ಒಂದು ದಿನ ಆ ಕೃಷ್ಣನ ಮುಖದ ಮೇಲೆ ಬೆರಳಿಟ್ಟು ಕೇಳಿದ:

“ಮಾಮಾ, ಮೊದಲ ಇಲ್ಲೆ ನಿನಗ ಚಸ್ಮಾ ಇತ್ತಲ್ಲ, ಯಾರು ಅಳಿಸಿದ್ರು?”

ಈ ಸಂಗತಿಯನ್ನು ತಂಗಿಗೂ ನಾನು ಹೇಳಿದ ನೆನಪಿಲ್ಲ. ಹೇಳಿಲ್ಲವೆಂದು ಆಣೆ ಮಾಡುವಷ್ಟು ನಂಬಿಕೆ ನನ್ನ ನೆನಪಿನ ಮೇಲೆ ಈಗ ಉಳಿದಿಲ್ಲ.